ದೂಧಸಾಗರಕ್ಕೆ ಹೋಗೋಣ, ಕುಲೆಂನಲ್ಲಿ ಇಳಿಯೋಣ

ಈ ವರ್ಷದ ಪ್ರವಾಸ ಎಲ್ಲಿಗೆ ಎಂದರೆ ನಮ್ಮ ತರಗತಿಯ ಅರ್ಧ ಜನ ಒಂದೇ ಉಸಿರಿಗೆ ಹೇಳುವುದು ದೂಧಸಾಗರ. ಜುಲೈನಲ್ಲಿ ನಮ್ಮವರೇ ಕೆಲವರು ಮನೆಯಲ್ಲಿ ಹೇಳದೆ ಹೋಗಿ, ಜಲಪಾತದ ಎದುರು ರೈಲಿನಿಂದಿಳಿದು, ಹಳಿಯ ಮೇಲೆ ನಿಂತ ಫೋಟೊ ಹಾಕಿದರು. ಆ ಫೋಟೊ ಪೋಷಕರ ಸಭೆಗೂ ಬಂತು. ಅಂದಿನಿಂದ ಪ್ರವಾಸದ ಮಾತೆತ್ತಿದರೆ ಪ್ರಾಂಶುಪಾಲರು ‘ನೋಡೋಣ’ ಎನ್ನುತ್ತಾರೆ. ಆ ‘ನೋಡೋಣ’ದ ಅರ್ಥ ನಮಗೆ ಗೊತ್ತು. ಹುಡುಗರು ಹೇಗೋ ಹೋಗಿಬರುತ್ತಾರೆ. ಹುಡುಗಿಯರಿಗೆ ಕಾಲೇಜಿನ ಪ್ರವಾಸ ಬಿಟ್ಟರೆ ಬೇರೆ ದಾರಿಯಿಲ್ಲ.

ಪ್ರವಾಸ ಆಗಬೇಕು, ರೈಲಿನಲ್ಲೇ ಆಗಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ನವೆಂಬರಿನಲ್ಲಿ, ಮತ್ತು ಇಳಿಯುವುದು ಗೋವಾದ ಕುಲೆಂ ನಿಲ್ದಾಣದಲ್ಲಿ. ಮೊಲ್ಲೆಂ ರಾಷ್ಟ್ರೀಯ ಉದ್ಯಾನ ಅಲ್ಲಿಂದ ಹತ್ತಿರ. ಜಲಪಾತದ ಬುಡಕ್ಕೆ ಹೋಗುವ ಜೀಪುಗಳೂ ಅಲ್ಲಿಂದಲೇ. ಮಳೆಗಾಲದಲ್ಲಿ ಅವು ಬಂದ್. ಹಳಿಗಿಳಿದರೆ ರೈಲ್ವೆ ಕಾಯ್ದೆಯ 147 ಮತ್ತು 159ನೇ ಕಲಂ ಪ್ರಕಾರ ಕ್ರಮ ಎಂದು ನೈರುತ್ಯ ರೈಲ್ವೆ 2023ರಲ್ಲೇ ಎಚ್ಚರಿಸಿದೆ. ಬೋಗಿಯೊಳಗೆ ಕುಳಿತೇ ನೋಡಿ ಎಂದೂ ಹೇಳಿದೆ.

ಕುಳಿತು ನೋಡುವುದೇನು ಕಡಿಮೆಯೇ? ಕ್ಯಾಸಲ್‌ರಾಕ್ ದಾಟಿದ ಮೇಲೆ ಸುರಂಗದ ಹಿಂದೆ ಸುರಂಗ. ಇಳಿಜಾರು 37 ಅಡಿಗೆ ಒಂದು ಅಡಿ. ಹತ್ತುವ ರೈಲಿಗೆ ಹೆಚ್ಚುವರಿ ಎಂಜಿನ್ ಬೇಕೇ ಬೇಕು. (ಭೌತಶಾಸ್ತ್ರದವರು ಲೆಕ್ಕ ಹಾಕಿಕೊಳ್ಳಲಿ.) ಈ ಕಾಡಿನೊಳಗೆ ಜೋಡಿ ಮಾರ್ಗಕ್ಕೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಅನುಮೋದನೆಯನ್ನು 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಯಾಕೆಂದು ಕಿಟಕಿಯಿಂದ ನೋಡಿದರೆ ತಿಳಿದೀತು.

ಇನ್ನು ದುಡ್ಡಿನ ಮಾತು. ಕಳೆದ ವರ್ಷದ ಬಸ್ ಪ್ರವಾಸದಲ್ಲಿ ‘ಜ್ವರ’ ಎಂದು ಮನೆಯಲ್ಲಿ ಉಳಿದವರಿಗೆ ಜ್ವರವಿರಲಿಲ್ಲ, ಕಟ್ಟಲು ಹಣವಿರಲಿಲ್ಲ. ಅವರಲ್ಲಿ ನಾನೂ ಒಬ್ಬಳು. ಶೈಕ್ಷಣಿಕ ಪ್ರವಾಸಕ್ಕೆ ರೈಲ್ವೆ ಸೆಕೆಂಡ್ ಕ್ಲಾಸ್ ಮತ್ತು ಸ್ಲೀಪರ್‌ನಲ್ಲಿ ಅರ್ಧ ದರದ ರಿಯಾಯಿತಿ ಕೊಡುತ್ತದೆ. ಅದಕ್ಕೆ ಕಾಲೇಜು ರಿಯಾಯಿತಿ ಫಾರಂ ತುಂಬಿ, ಸಹಿ ಮೊಹರು ಹಾಕಿಕೊಡಬೇಕು. ಯಾರಾದರೊಬ್ಬರು ಹುಬ್ಬಳ್ಳಿ ಕೌಂಟರಿನಲ್ಲಿ ಸಾಲು ನಿಲ್ಲಬೇಕು. ಒಂದು ಫಾರಂನಲ್ಲಿ ಆರೇ ಹೆಸರು. ನಲವತ್ತು ಜನರೆಂದರೆ ಮೊದಲೇ ಹೋಗಿ ಮೇಲ್ವಿಚಾರಕರ ಜೊತೆ ಮಾತಾಡಬೇಕು. ಬುಕಿಂಗ್ ತೆರೆಯುವುದು 60 ದಿನ ಮುಂಚೆ. ಈಗ ಆಗಸ್ಟ್, ಅಂದರೆ ಸಮಯ ಬಹಳವಿಲ್ಲ. ಶುಕ್ರವಾರ ಬೇಡ, ಜುಮಾ ಇದೆ. ಭಾನುವಾರ ಜೀಪಿಗೆ ನೂಕುನುಗ್ಗಲು. ಹಗಲು ಬೆಳಕಿನಲ್ಲಿ ಘಟ್ಟ ಇಳಿಯುವ, ಕುಲೆಂನಲ್ಲಿ ನಿಲ್ಲುವ ರೈಲನ್ನೇ ಆರಿಸಬೇಕು. ಇಬ್ಬರು ಮೇಡಂಗಳು ಜೊತೆಗಿದ್ದರೆ ನಮ್ಮ ಅಮ್ಮನಂಥವರೂ ಒಪ್ಪುತ್ತಾರೆ.

ಅರ್ಜಿ ಬರೆದು ಗ್ರಂಥಾಲಯದ ಮೇಜಿನ ಮೇಲೆ ಇಟ್ಟಿದ್ದೇನೆ. ಮೊದಲ ಸಹಿ ಜುಲೈನಲ್ಲಿ ಹಳಿಗಿಳಿದವರದೇ ಆಗಲಿ.