ಒಂದೇ ಪಿಡಿಎಫ್, ಎರಡು ನಡತೆ: ತಪ್ಪು ಹೇಳಿದ ಪಾಠದಿಂದ ಕಲಿತದ್ದು

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಗೆ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. "ಫೈಲಿನ ಹೆಸರು ಪಿಡಿಎಫ್ ಎಂದು ಮುಗಿದರೆ ಬ್ರೌಸರಿನಲ್ಲೇ ತೆರೆಯುತ್ತದೆ, ಜಿಪ್ ಎಂದು ಮುಗಿದರೆ ಡೌನ್‌ಲೋಡ್ ಆಗುತ್ತದೆ" ಎಂದು ಕಪ್ಪು ಹಲಗೆಯ ಮೇಲೆ ಬರೆದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಲ್ಯಾಬಿನ ಇದೇ ಕಂಪ್ಯೂಟರಲ್ಲಿ ಹಳೇ ಪ್ರಶ್ನೆಪತ್ರಿಕೆ ಒಂದು ಸೈಟಲ್ಲಿ ತೆರೀತು, ಇನ್ನೊಂದ್ರಲ್ಲಿ ಡೌನ್‌ಲೋಡ್ ಆಯ್ತು. ಎರಡೂ ಪಿಡಿಎಫ್ಫೇ!" ಪಾಠ ಯೋಜನೆಯಲ್ಲಿ ಈ ಪ್ರಶ್ನೆಗೆ ಜಾಗವಿರಲಿಲ್ಲ. "ಏನೋ ಸೆಟ್ಟಿಂಗ್ ಇರಬೇಕು, ಕೂತ್ಕೋ" ಎಂದು ಮುಂದುವರಿದೆ. ಅಂದಿನ ವೀಕ್ಷಣಾ ಪತ್ರದಲ್ಲಿ 'ಸಮಯಪಾಲನೆ ಉತ್ತಮ' ಎಂದಿತ್ತು.

ಸಂಜೆ ಓದಿದಾಗ ತಿಳಿಯಿತು. ಸರ್ವರ್ ಫೈಲಿನ ಜೊತೆಗೆ ಹೆಡರ್ ಎಂಬ ಕೆಲವು ಸಾಲುಗಳನ್ನೂ ಕಳುಹಿಸುತ್ತದೆ. 'ಕಂಟೆಂಟ್-ಟೈಪ್' ಎಂಬ ಸಾಲು ಫೈಲಿನ ಬಗೆಯನ್ನು ಹೇಳುತ್ತದೆ. 'ಕಂಟೆಂಟ್-ಡಿಸ್ಪೊಸಿಷನ್' ಸಾಲಿನಲ್ಲಿ 'ಅಟ್ಯಾಚ್‌ಮೆಂಟ್' ಎಂದಿದ್ದರೆ ಪಿಡಿಎಫ್ ಆದರೂ ಡೌನ್‌ಲೋಡ್ ಆಗುತ್ತದೆ. 'ಇನ್‌ಲೈನ್' ಎಂದಿದ್ದರೆ, ಅಥವಾ ಆ ಸಾಲೇ ಇಲ್ಲದಿದ್ದರೆ, ಬ್ರೌಸರ್ ತನಗೆ ತೋರಿಸಲು ಬರುವ ಬಗೆಯನ್ನು ತೋರಿಸುತ್ತದೆ, ಬಾರದ್ದನ್ನು ಡೌನ್‌ಲೋಡ್ ಮಾಡುತ್ತದೆ. ಬಳಕೆದಾರರ ಸೆಟ್ಟಿಂಗಿಗೂ ಇದರಲ್ಲಿ ಪಾತ್ರವಿದೆ, ನಿಜ. ಆದರೆ ಹುಡುಗಿ ಹೇಳಿದ್ದೇನು? ಅದೇ ಕಂಪ್ಯೂಟರ್, ಅದೇ ಬಗೆಯ ಫೈಲು. ಬದಲಾದದ್ದು ಸೈಟ್ ಮಾತ್ರ. ವಿಜ್ಞಾನದ ತರಗತಿಯಲ್ಲಿ ನಾವು ಕಲಿಸುವ ನಿಯಂತ್ರಿತ ಪ್ರಯೋಗ ಇದೇ. ಅವಳು ಅದನ್ನು ತಾನಾಗಿ ಮಾಡಿದ್ದಳು. ವಿಜ್ಞಾನ ಓದಿದ ನಾನೇ ಗುರುತಿಸಲಿಲ್ಲ.

ಇದು ಬರೀ ತಾಂತ್ರಿಕ ವಿವರವಲ್ಲ. ಹತ್ತಾರು ಮಕ್ಕಳು ಬಳಸುವ ಕಂಪ್ಯೂಟರಿನಲ್ಲಿ ಒಬ್ಬರು ಡೌನ್‌ಲೋಡ್ ಮಾಡಿದ ಅಂಕಪಟ್ಟಿ ಅಳಿಸದಿದ್ದರೆ ಮುಂದಿನವರಿಗೂ ಸಿಗುತ್ತದೆ. ಹೆಸರಿನ ಕೊನೆ ನೋಡಿ 'ಬರೀ ತೆರೆದೆ' ಎಂದು ನಂಬಿದ ಮಗು ಅದನ್ನು ಅಳಿಸುವುದೇ ಇಲ್ಲ.

ಮುಂದಿನ ಪೀರಿಯಡ್ಡಿನಲ್ಲಿ "ನಾನು ಹೇಳಿದ್ದು ತಪ್ಪು" ಎಂದೇ ಶುರು ಮಾಡಿದೆ. ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ ಎರಡೂ ಸೈಟ್‌ಗಳ ಹೆಡರ್ ತೋರಿಸಿದೆ. 'ಅಟ್ಯಾಚ್‌ಮೆಂಟ್' ಪದವನ್ನು ಮೊದಲು ಹುಡುಕಿದ್ದು ಅವಳೇ. ಯೋಜಿಸಿದ್ದ ಅರ್ಧ ಪಾಠ ಉಳಿದುಹೋಯಿತು.

ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಎಲ್ಲಕ್ಕೂ ಅಂಕಣವಿದೆ. 'ಇಂದು ಉತ್ತರಿಸಲಾಗದ ಪ್ರಶ್ನೆ' ಎಂಬ ಇನ್ನೊಂದು ಅಂಕಣ ಸೇರಲಿ, ಮರುದಿನದ ಪಾಠ ಅಲ್ಲಿಂದಲೇ ಶುರುವಾಗಲಿ ಎಂಬುದು ನನ್ನ ಅಭಿಪ್ರಾಯ. ಪಾಠ ಮುಗಿಸುವ ಅವಸರದಲ್ಲಿ ನಾವು ಕೂರಿಸುವ ಮಗು ಮತ್ತೆ ಏಳದಿರಬಹುದು.