ನ್ಯಾಯಾಧೀಶರಾಗಲು ಮೂರು ವರ್ಷ ಕಾಯಬೇಕು

ದೇವರಮನೆ ಕಡೆಯ ಜಮೀನು ವ್ಯಾಜ್ಯಗಳು ಮೊದಲು ಹೋಗುವುದು ಮೂಡಿಗೆರೆ ಸಿವಿಲ್ ಕೋರ್ಟಿಗೆ. ಮುಂದೆ ಜಿಲ್ಲಾ ನ್ಯಾಯಾಧೀಶರಾಗುವ ಹೆಚ್ಚಿನವರ ಸೇವೆಯೂ ಇಂಥ ತಾಲ್ಲೂಕು ಕೋರ್ಟಿನಲ್ಲೇ ಶುರುವಾಗುತ್ತದೆ. ಜಿಲ್ಲಾ ನ್ಯಾಯಾಧೀಶರ ಹುದ್ದೆಗಳಲ್ಲಿ ಶೇ. 75 ಬಡ್ತಿಯಿಂದ, ಶೇ. 25 ನೇರ ನೇಮಕದಿಂದ ತುಂಬುತ್ತವೆ.

2025ರ ಮೇ 20ರಂದು ಸುಪ್ರೀಂ ಕೋರ್ಟ್, ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯ ಎಂದಿತು. ಅಕ್ಟೋಬರ್ 9ರಂದು ಐವರ ಪೀಠ, ವಕೀಲಿಕೆ ಮತ್ತು ನ್ಯಾಯಾಂಗ ಸೇವೆ ಸೇರಿ ಏಳು ವರ್ಷವಾದ, 35 ತುಂಬಿದ ನ್ಯಾಯಾಧೀಶರೂ ನೇರ ನೇಮಕಕ್ಕೆ ಅರ್ಹರು ಎಂದಿತು.

ಮೇಲಿನ ದಾರಿ ಅಗಲವಾಯಿತು, ಮೊದಲ ಮೆಟ್ಟಿಲು ಎತ್ತರವಾಯಿತು. ಹೊಸ ವಕೀಲರ ಸಂಪಾದನೆ ಅಷ್ಟಕ್ಕಷ್ಟೆ. ಹೊರೆ ಮನೆಯವರ ಮೇಲೆ. ಕಾಫಿ ಸಸಿ ನೆಟ್ಟು ಫಸಲಿಗೆ ಮೂರ್ನಾಲ್ಕು ವರ್ಷ ಕಾಯುತ್ತೇವೆ. ಕಾನೂನು ಓದಿದ ಮಗಳಿಗೂ ಅಷ್ಟು ಕಾಲ ಕೊಡೋಣ. ಮದುವೆಗೆ ಅವಸರ ಬೇಡ.