1930ರ ರಸೀದಿ ಎಲ್ಲಿಂದ ತರಬೇಕು?

ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ, ಕಾರವಾರ

ಮಾನ್ಯರೇ,

ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನದೊಳಗೆ ನಡೆದು ಪದ್ಮಶ್ರೀ ಪಡೆದದ್ದನ್ನು ದೇಶವೇ ನೋಡಿತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡಿದವರು ಅವರು. ಯಾವ ತಾಯಿಮರದ ಬೀಜವನ್ನು ಯಾವಾಗ ಆಯಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. 2024ರ ಡಿಸೆಂಬರ್ 16ರಂದು ತೀರಿಕೊಂಡಾಗ ದೊಡ್ಡವರೆಲ್ಲ ಕಂಬನಿ ಮಿಡಿದರು. ಅವರ ಜನರಾದ ಹಾಲಕ್ಕಿ ಒಕ್ಕಲಿಗರು ನಿಮ್ಮ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಅರಣ್ಯ ಹಕ್ಕು ಸಮಿತಿಯ ಮುಂದೆ ಬಂದರೆ ಮಾತ್ರ 75 ವರ್ಷದ ದಾಖಲೆ ತೋರಿಸಬೇಕು.

2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿದ್ದರೆ ಸಾಕು. 2003ರಲ್ಲಿ ಜಿಲ್ಲೆಯ ಸಿದ್ದಿಗಳು ಆ ಪಟ್ಟಿ ಸೇರಿದರು, ಹಾಲಕ್ಕಿಗಳು ಹೊರಗೇ ಉಳಿದರು. ಹಾಗಾಗಿ ಇವರು 2005ರಿಂದ 75 ವರ್ಷ ಎಣಿಸಿ 1930ಕ್ಕೂ ಹಿಂದೆ ಹೋಗಬೇಕು. ಆ ವರ್ಷ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದವರ ಹೆಸರು ಚರಿತ್ರೆಯಲ್ಲಿದೆ. ಅದೇ ವರ್ಷ ಒಣ ಎಲೆಯ ದರಕಿನ ಹೊರೆ ಹೊತ್ತು ಗುಡ್ಡ ಇಳಿದ ಹೆಂಗಸಿಗೆ ಯಾರು ರಸೀದಿ ಬರೆದುಕೊಟ್ಟರು?

ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ನಿಯಮ 13 ತೆಗೆದು ನೋಡಿ. ಹಳೇ ಬಾವಿ, ಮಸಣ, ದೇವರ ಬನ, ಹಿರಿಯರ ಹೇಳಿಕೆ ಎಲ್ಲವೂ ಸಾಕ್ಷ್ಯವೇ. ಆದರೂ ಜಿಲ್ಲೆಯಲ್ಲಿ ಬಹುಪಾಲು ಅರ್ಜಿಗಳು ತಿರಸ್ಕಾರವಾಗಿವೆ.

ಬರೀ ಜಮೀನಿನ ಜಗಳವೆಂದು ತಳ್ಳಿಹಾಕಬೇಡಿ. ಕಾಡಿನ ಉಪ್ಪಾಗೆ ಕಾಯಿ ಕೊಯ್ಯುವ ಗುತ್ತಿಗೆಯನ್ನೇ ನೋಡಿ. ಇವತ್ತು ನಾನು ಬಿಟ್ಟರೆ ನಾಳೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಅವಸರಕ್ಕೆ ಕಾಯಿ ಹಸಿರಿರುವಾಗಲೇ ಟೊಂಗೆ ಸಮೇತ ಕಡಿಯುತ್ತಾರೆ. ಎಳೆ ಸಿಪ್ಪೆಯನ್ನು ಬೆಂಕಿಯ ಮೇಲೆ ಎಷ್ಟು ಒಣಗಿಸಿದರೂ ತೂಕ ಬರದು, ಸೌದೆ ಮಾತ್ರ ಹೆಚ್ಚು ಸುಡುತ್ತದೆ. ಬೀಜ ಬಲಿತಿರುವುದಿಲ್ಲ, ಹಣ್ಣಿಗೆ ಕಾದ ಮಂಗಕ್ಕೂ ಏನೂ ಸಿಗದು. ಮರ ಊರಿನದೇ ಆದರೆ ಹಣ್ಣಾಗುವ ತನಕ ಊರು ಕಾಯುತ್ತದೆ, ಕಡಿಯಲು ಬಂದವನ ಕೈಯನ್ನೂ ಹಿಡಿಯುತ್ತದೆ. 2006ರ ಕಾಯ್ದೆಯ ಸಮುದಾಯ ಅರಣ್ಯ ಹಕ್ಕಿನಲ್ಲಿ ಕೊಯ್ಯುವುದೂ ಇದೆ, ಕಾಯುವುದೂ ಇದೆ. ನಮ್ಮಲ್ಲಿ ಕಾಯಲು ದಿನಗೂಲಿ, ಕೊಯ್ಯಲು ಟೆಂಡರು.

ಮುಂದಿನ ವಿಚಾರಣೆಯನ್ನು ಕಾರವಾರದ ಕಚೇರಿ ಬಿಟ್ಟು ಹೊನ್ನಳ್ಳಿಯಲ್ಲಿ ಇಡಿ. ತಿರಸ್ಕರಿಸಿದ ಅರ್ಜಿಗಳನ್ನೂ ಜೊತೆಗೇ ತನ್ನಿ. ಅಜ್ಜಿಯರು ಹೇಳುವುದನ್ನು ಗುಮಾಸ್ತರು ಕೂತು ಬರೆದುಕೊಳ್ಳಲಿ. ಮಳೆ ಹಿಡಿಯುವ ಮೊದಲೇ ಬನ್ನಿ, ಆಮೇಲೆ ಎಲ್ಲರೂ ನಾಟಿಗೆಂದು ಗದ್ದೆಗೆ ಇಳಿದಿರುತ್ತಾರೆ.

ಇತಿ,
ಅಂಕೋಲೆಯ ಒಬ್ಬ ನಿವಾಸಿ